ಗುಂಡಿ ಒತ್ತುವ ಮೊದಲೇ ಮೊಳಗುವ ಗಿಟಾರ್

‘ಗಿಟಾರ್ ಹೀರೋ’ ಪ್ಲಾಸ್ಟಿಕ್ ಗಿಟಾರ್ ಹಿಡಿದು ಆಡುವ ವಿಡಿಯೊ ಗೇಮ್. ಹಾಡಿನ ಸ್ವರಗಳು, ಅಂದರೆ ನೋಟ್‌ಗಳು, ಬಣ್ಣದ ಚುಕ್ಕಿಗಳಾಗಿ ಟಿವಿ ಪರದೆಯ ಮೇಲೆ ಜಾರಿ ಬರುತ್ತವೆ. ಅವು ಗೆರೆ ಮುಟ್ಟುವ ಗಳಿಗೆಗೆ ಸರಿಯಾಗಿ ಅದೇ ಬಣ್ಣದ ಗುಂಡಿ ಒತ್ತಿ, ತಂತಿಯ ಬದಲಿಗಿರುವ ಪಟ್ಟಿಯನ್ನು ಮೀಟಬೇಕು. ಆಡುವವರ ಪಕ್ಕ ಕೂತು ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ. "ಅಬ್ಬಾ, ಏನು ರಿಫ್ಲೆಕ್ಸ್!" ಇದನ್ನು ಕೇಳಿದಾಗಲೆಲ್ಲ ನನಗೆ ಸಣ್ಣ ಕಿರಿಕಿರಿ. ರಿಫ್ಲೆಕ್ಸ್ ನಂಬಿಕೊಂಡು ಆ ಆಟಕ್ಕೆ ಕೂತವರು ಕಷ್ಟದ ಹಾಡೊಂದನ್ನೂ ಮುಗಿಸಲಾರರು. ಲೆಕ್ಕ ಹಾಕಿ ನೋಡೋಣ.

ನಿಮಿಷಕ್ಕೆ 120 ಬೀಟ್ ಇರುವ ಹಾಡು ಅಂದುಕೊಳ್ಳಿ. ಅದೇನೂ ಭಾರೀ ವೇಗವಲ್ಲ. ಒಂದು ಬೀಟಿನಿಂದ ಇನ್ನೊಂದಕ್ಕೆ 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್. ಒಂದು ಬೀಟಿನೊಳಗೆ ನಾಲ್ಕು ನೋಟ್ ಬಂದರೆ, ನೋಟಿನಿಂದ ನೋಟಿಗೆ 125 ಮಿಲಿಸೆಕೆಂಡ್. ಈಗ ನಮ್ಮ ಕಡೆ ನೋಡಿ. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತಿ ಅಂದರೆ, ಚುರುಕಾದವರಿಗೂ ಸುಮಾರು 200 ಮಿಲಿಸೆಕೆಂಡ್ ಬೇಕು. ಐದು ಬಣ್ಣದ ಗುಂಡಿಗಳಲ್ಲಿ ಸರಿಯಾದದ್ದನ್ನು ಆರಿಸಿ ಒತ್ತಬೇಕು ಅಂದರೆ ಇನ್ನೂ ಜಾಸ್ತಿ. ಮೊದಲ ನೋಟಿಗೆ ಬೆರಳು ಏಳುವಷ್ಟರಲ್ಲಿ ಎರಡನೆಯದು ದಾಟಿ ಹೋಗಿರುತ್ತದೆ. ಆದರೂ ಶಾಲೆಗೆ ಹೋಗುವ ಮಕ್ಕಳು ಸೋಫಾ ಮೇಲೆ ಕೂತು ನೂರಾರು ನೋಟ್‌ಗಳನ್ನು ಒಂದೂ ಬಿಡದೆ ಹೊಡೆಯುತ್ತಾರೆ.

ಅವರು ನೋಟ್ ಬಂತು ಅಂತ ಒತ್ತುವುದಲ್ಲ. ಯಾವ ಗಳಿಗೆಗೆ ಬರುತ್ತದೆ ಅನ್ನುವುದನ್ನು ಮೊದಲೇ ಊಹಿಸಿ ಒತ್ತುತ್ತಾರೆ. ಮನೆ ಕಟ್ಟುವ ಕಡೆ ಇಟ್ಟಿಗೆಯನ್ನು ಕೆಳಗಿನಿಂದ ಮೇಲಕ್ಕೆ ಎಸೆಯುವುದನ್ನು ನೋಡಿದ್ದೀರಲ್ವಾ? ಮೇಲಿರುವವನು ಇಟ್ಟಿಗೆ ಬಂದ ಮೇಲೆ ಕೈ ಚಾಚುವುದಿಲ್ಲ. ಅದಿನ್ನೂ ಗಾಳಿಯಲ್ಲಿರುವಾಗಲೇ ಕೈ ಅಲ್ಲಿರುತ್ತದೆ. ಆಟದಲ್ಲೂ ನೋಟ್‌ಗಳು ದೂರದಿಂದ ಜಾರಿಕೊಂಡು ಬರುವುದು ಇದಕ್ಕೇ. ಮೆದುಳಿಗೆ ಮುಂಗಡವಾಗಿ ಸುದ್ದಿ ಮುಟ್ಟಬೇಕು.

ಈ ಊಹೆಯನ್ನು ಪ್ರಯೋಗಶಾಲೆಯಲ್ಲಿ ಅಳೆದಾಗ ಒಂದು ಸೋಜಿಗ ಕಂಡಿತು. ಒಂದೇ ಲಯದಲ್ಲಿ ಟಿಕ್ ಅನ್ನುವ ಮೆಟ್ರೊನೋಮ್ ಯಂತ್ರ ಇಟ್ಟು, ಅದರ ಟಿಕ್ ಟಿಕ್‌ಗೆ ಸರಿಯಾಗಿ ಬೆರಳು ಕುಟ್ಟಿ ಅಂದರೆ, ಹೆಚ್ಚಿನವರು ಟಿಕ್ ಬರುವುದಕ್ಕಿಂತ 20ರಿಂದ 80 ಮಿಲಿಸೆಕೆಂಡ್ ಮೊದಲೇ ಕುಟ್ಟುತ್ತಾರೆ! ತಾವು ಮುಂಚೆ ಕುಟ್ಟಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಸರಿಯಾಗಿಯೇ ಕುಟ್ಟಿದೆ ಅನ್ನುತ್ತಾರೆ. ಸಂಗೀತಗಾರರಲ್ಲಿ ಈ ಅಂತರ ಕಡಿಮೆ, ಆದರೆ ಪೂರ್ತಿ ಇಲ್ಲದಿಲ್ಲ. ಯಾಕೆ ಹೀಗೆ ಅನ್ನುವುದಕ್ಕೆ ಒಂದು ವಿವರಣೆ ನನಗೆ ಬಹಳ ಇಷ್ಟ. ಬೆರಳ ತುದಿಯ ಸ್ಪರ್ಶದ ಸುದ್ದಿ ನರಗಳಲ್ಲಿ ಓಡಿ ಮೆದುಳು ಸೇರಲು ಸಮಯ ಬೇಕು. ಕಿವಿಯಾದರೋ ಮೆದುಳಿನ ಪಕ್ಕದಲ್ಲೇ ಇದೆ. ಎರಡು ಸುದ್ದಿಗಳೂ ಮೆದುಳಿಗೆ ಒಟ್ಟಿಗೆ ತಲುಪಬೇಕಾದರೆ ಬೆರಳು ಸ್ವಲ್ಪ ಮುಂಚೆ ಹೊರಡಬೇಕು. ಹಾಗಾದರೆ ಕಾಲಿನಲ್ಲಿ ಕುಟ್ಟಿದರೆ? ಕಾಲು ಇನ್ನೂ ದೂರ. ಅಲ್ಲಿ ಆತುರವೂ ಇನ್ನೂ ಜಾಸ್ತಿ. ಪ್ರಯೋಗದಲ್ಲಿ ಹಾಗೆಯೇ ಆಯಿತು.

ನಮ್ಮ ಸಂಗೀತ ಕಛೇರಿಗಳಲ್ಲಿ ಮುಂದಿನ ಸಾಲಿನ ರಸಿಕರು ತೊಡೆ ತಟ್ಟಿ ತಾಳ ಹಾಕುವುದೂ ಇದೇ ಕೆಲಸ. ಕೆಲವು ಹಾಡುಗಳ ಎಡುಪು, ಅಂದರೆ ಹಾಡು ಶುರುವಾಗುವ ಜಾಗ, ಅತೀತ ಅಥವಾ ಅನಾಗತ ಆಗಿರುತ್ತದೆ. ಅವುಗಳಲ್ಲಿ ಸಾಹಿತ್ಯ ತಾಳದ ಮೊದಲ ಪೆಟ್ಟಾದ ಸಮಕ್ಕಿಂತ ಮೊದಲೋ ಆಮೇಲೋ ಶುರುವಾಗುತ್ತದೆ. ಕೈ ಮಾತ್ರ ಸಮಕ್ಕೇ ಬೀಳುತ್ತದೆ. ಅಲ್ಲಿ ಕೇಳಿಸದ ಪೆಟ್ಟನ್ನೇ ಊಹಿಸುತ್ತಿದ್ದಾರೆ.

ಸರಿ, ಆಟಕ್ಕೆ ಬರೋಣ. ಜಪಾನಿನ ಕೊನಾಮಿ ಕಂಪನಿ 1990ರ ದಶಕದ ಕೊನೆಯಲ್ಲೇ ಮೂರು ಗುಂಡಿಯ ಗಿಟಾರನ್ನು ಆರ್ಕೇಡ್‌ಗಳಲ್ಲಿ (ಕಾಸು ಹಾಕಿ ಆಡುವ ವಿಡಿಯೊ ಗೇಮ್ ಅಂಗಡಿಗಳಲ್ಲಿ) ಇಟ್ಟಿತ್ತು. ಅದನ್ನು ಅಮೆರಿಕದ ಮನೆಮನೆಯ ಹಾಲ್‌ಗೆ ತಂದದ್ದು 2005ರ ‘ಗಿಟಾರ್ ಹೀರೋ’. ಆಟ ಮಾಡಿದವರು ಹಾರ್ಮೋನಿಕ್ಸ್, ಗಿಟಾರ್ ಕಂಟ್ರೋಲರ್ ಮಾಡಿದವರು ರೆಡ್‌ಆಕ್ಟೇನ್. ಹಾರ್ಮೋನಿಕ್ಸ್ ಕಟ್ಟಿದ ಅಲೆಕ್ಸ್ ರಿಗೋಪುಲೋಸ್ ಮತ್ತು ಎರಾನ್ ಎಗೋಜಿ ಅಮೆರಿಕದ ಎಂಐಟಿ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಓದಿದವರು. ಸಂಗೀತ ಬಾರದವರಿಗೂ ನುಡಿಸುವ ಸುಖ ಸಿಗಬೇಕು ಅನ್ನುವುದು ಅವರ ಹಠ. 2007ರಲ್ಲಿ ಡ್ರಮ್ಸ್, ಮೈಕ್ ಎಲ್ಲ ಸೇರಿದ ‘ರಾಕ್ ಬ್ಯಾಂಡ್’ ಬಂತು. 2011ರ ಹೊತ್ತಿಗೆ ಜ್ವರ ಇಳಿದು, ಪ್ಲಾಸ್ಟಿಕ್ ಗಿಟಾರ್‌ಗಳು ಮಂಚದ ಕೆಳಗೆ ಸೇರಿದವು.

ಇಷ್ಟು ಸಾಕು ಇತಿಹಾಸ. ನಾನು ಹೇಳಬೇಕೆಂದಿರುವುದು ಆ ಪ್ಲಾಸ್ಟಿಕ್‌ನೊಳಗಿನ ಚಮತ್ಕಾರ.

ನೀವು ಗುಂಡಿ ಒತ್ತಿ ಪಟ್ಟಿ ಮೀಟಿದಾಗ ಗಿಟಾರಿನ ನಾದ ಹುಟ್ಟುವುದಿಲ್ಲ. ಅದು ಆಗಲೇ ಓಡುತ್ತಿರುತ್ತದೆ. ಹಾಡಿನ ರೆಕಾರ್ಡಿಂಗ್‌ನಲ್ಲಿ ಗಿಟಾರ್ ಒಂದು ಟ್ರ್ಯಾಕ್, ಉಳಿದ ವಾದ್ಯಗಳದ್ದು ಬೇರೆ ಟ್ರ್ಯಾಕ್. ಎಲ್ಲವೂ ತಮ್ಮ ಪಾಡಿಗೆ ಓಡುತ್ತಿರುತ್ತವೆ. ನೀವು ನೋಟ್ ತಪ್ಪಿಸಿದರೆ ಆಟ ಗಿಟಾರಿನ ಟ್ರ್ಯಾಕನ್ನು ಸುಮ್ಮನಾಗಿಸುತ್ತದೆ. ಮುಂದಿನದನ್ನು ಸರಿಯಾಗಿ ಹೊಡೆದರೆ ಮತ್ತೆ ಬಾಯಿ ಬಿಡಿಸುತ್ತದೆ. ಇಷ್ಟೇ! ನೋಟಿನ ಹಿಂದೆ ಮುಂದೆ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು ರಿಯಾಯಿತಿ ಇದೆ. ಆಟದಿಂದ ಆಟಕ್ಕೆ ಅದು ಬದಲಾಗುತ್ತದೆ. ಅಷ್ಟರೊಳಗೆ ಒತ್ತಿದರೆ ‘ಸರಿ’.

ಇಲ್ಲೊಂದು ತೊಡಕಿದೆ. ನೀವು ತಡವಾಗಿ ಒತ್ತಿದರೂ ರಿಯಾಯಿತಿ ಇದೆ ಅಂದಮೇಲೆ, ನೋಟಿನ ಗಳಿಗೆ ಬಂದಾಗ ನೀವು ಒತ್ತುತ್ತೀರೋ ಇಲ್ಲವೋ ಅನ್ನುವುದು ಆಟಕ್ಕೆ ಗೊತ್ತಿರುವುದಿಲ್ಲ. ನಾದ ಕೊಡಬೇಕೋ ಬೇಡವೋ? ಆಟ ನಿಮ್ಮನ್ನು ನಂಬುತ್ತದೆ. ಇಲ್ಲಿವರೆಗೆ ಸರಿಯಾಗಿ ಹೊಡೆದಿದ್ದಾನೆ, ಇದನ್ನೂ ಹೊಡೆಯುತ್ತಾನೆ ಅಂತ ನಾದವನ್ನು ಮೊದಲೇ ಬಿಡುತ್ತದೆ. ನೀವು ಕೈಕೊಟ್ಟರೆ ಆಮೇಲೆ ಕತ್ತರಿಸುತ್ತದೆ. ಅಂದರೆ ಎಷ್ಟೋ ಸಲ ಗಿಟಾರ್ ಮೊಳಗಿದ ಮೇಲೆ ನೀವು ಮೀಟಿರುತ್ತೀರಿ. ನೀವು ಹಾಡನ್ನು ಊಹಿಸುತ್ತೀರಿ, ಹಾಡು ನಿಮ್ಮನ್ನು ಊಹಿಸುತ್ತದೆ. ಆದರೂ "ನಾನೇ ನುಡಿಸಿದೆ" ಅನ್ನುವ ಭಾವನೆ ಒಂದಿಷ್ಟೂ ಅಲುಗುವುದಿಲ್ಲ.

ಈ ಮೋಸಕ್ಕೆ ನಮ್ಮ ಮೆದುಳೇ ಸಾಕ್ಷಿ ಹಾಕುತ್ತದೆ. 2002ರಲ್ಲಿ ಲಂಡನ್ನಿನ ನರವಿಜ್ಞಾನಿ ಪ್ಯಾಟ್ರಿಕ್ ಹ್ಯಾಗರ್ಡ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಗುಂಡಿ ಒತ್ತಿದ 250 ಮಿಲಿಸೆಕೆಂಡ್ ನಂತರ ಒಂದು ಶಬ್ದ. ಎರಡೂ ಯಾವಾಗ ಆದವು ಅಂತ ಕೇಳಿದರೆ, ಜನ ಒತ್ತಿದ್ದನ್ನು ನಿಜಕ್ಕಿಂತ ತಡವಾಗಿ, ಶಬ್ದವನ್ನು ನಿಜಕ್ಕಿಂತ ಬೇಗ ಆಯಿತು ಅಂದರು. ತಾನು ಬೇಕೆಂದೇ ಮಾಡಿದ ಕೆಲಸವನ್ನೂ ಅದರ ಫಲವನ್ನೂ ಮೆದುಳು ಹತ್ತಿರಕ್ಕೆ ಎಳೆದು ಗಂಟು ಹಾಕುತ್ತದೆ. ಬೆರಳು ತಾನಾಗಿ ಅದುರುವಂತೆ ಹೊರಗಿನಿಂದ ಮಾಡಿದಾಗ ಈ ಗಂಟು ಬೀಳಲಿಲ್ಲ.

(ಇಂಥ ಆಟ ಆಡಿದರೆ ಮಕ್ಕಳ ‘ಬ್ರೇನ್ ಪವರ್’ ಹೆಚ್ಚುತ್ತದೆ ಅಂತ ಕೆಲವರು ಹೇಳುತ್ತಾರೆ. ಅದನ್ನು ದಯವಿಟ್ಟು, ಮಕ್ಕಳನ್ನು ಕಣ್ಣು ಕಟ್ಟಿ ಓದಿಸುತ್ತೇವೆ ಅನ್ನುವ ಮಿಡ್‌ಬ್ರೇನ್ ಆಕ್ಟಿವೇಶನ್ ಕ್ಲಾಸುಗಳ ಜತೆಗೇ ಇಡಿ. ಆಡಿದರೆ ಆಟ ಚೆನ್ನಾಗಿ ಬರುತ್ತದೆ. ಡ್ರಮ್ಸ್ ಆದರೆ ಕೈಕಾಲು ಬೇರೆ ಬೇರೆ ಆಡಿಸುವ ಅಭ್ಯಾಸವೂ ಆಗುತ್ತದೆ. ಗಣಿತಕ್ಕೆ ಗಣಿತವನ್ನೇ ಓದಬೇಕು.)

ಮೆದುಳು ಮತ್ತು ಆಟದ ಈ ಹೊಂದಾಣಿಕೆಯ ನಡುವೆ ಟಿವಿ ಕಡ್ಡಿ ಆಡಿಸುತ್ತದೆ. 2005ರಲ್ಲಿ ಹೆಚ್ಚಿನ ಮನೆಗಳಲ್ಲಿದ್ದದ್ದು ದಪ್ಪ ಟ್ಯೂಬಿನ ಟಿವಿ. ಅದಕ್ಕೆ ಚಿತ್ರ ಬಂದ ಕೂಡಲೇ ತೋರಿಸುವುದೊಂದೇ ಗೊತ್ತು. ಆಮೇಲಿನ ಫ್ಲ್ಯಾಟ್ ಟಿವಿಗಳು ಚಿತ್ರವನ್ನು ಹಿಗ್ಗಿಸಿ, ನುಣುಪು ಮಾಡಿ, ಆಮೇಲೆ ತೋರಿಸುತ್ತವೆ. ಆ ಶೃಂಗಾರಕ್ಕೆ ಹತ್ತಾರು ಮಿಲಿಸೆಕೆಂಡ್ ಬೇಕು. ಸಿನಿಮಾ ನೋಡುವವರಿಗೆ ತಿಳಿಯದು. ಗಿಟಾರ್ ಹಿಡಿದವರಿಗೆ ಸರಿಯಾಗಿ ಹೊಡೆದದ್ದೂ ತಪ್ಪಾಗುತ್ತದೆ. ಬ್ಲೂಟೂತ್ ಸ್ಪೀಕರ್ ಸೇರಿಸಿದರಂತೂ ಮುಗಿಯಿತು, ಎಷ್ಟೋ ಸಲ 100 ಮಿಲಿಸೆಕೆಂಡ್ ದಾಟುತ್ತದೆ.

ಮೆದುಳು ಇದಕ್ಕೂ ಒಗ್ಗಿಕೊಳ್ಳುತ್ತದೆ, ಅದೇ ವಿಚಿತ್ರ. 2006ರಲ್ಲಿ ಅಮೆರಿಕದ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ತಂಡ, ಗುಂಡಿ ಒತ್ತಿದ ಸ್ವಲ್ಪ ಹೊತ್ತಿನ ನಂತರ ಬೆಳಕು ಮಿನುಗುವಂತೆ ಮಾಡಿ ಜನರಿಗೆ ಅಭ್ಯಾಸ ಮಾಡಿಸಿತು. ಆಮೇಲೆ ಹೇಳದೆ ಕೇಳದೆ ಆ ತಡವನ್ನು ತೆಗೆದರು. ಜನರಿಗೆ ಅನಿಸಿದ್ದೇನು? ಬೆಳಕು ತಾವು ಒತ್ತುವ ಮೊದಲೇ ಮಿನುಗಿತು ಅಂತ! ಮಂದ ಟಿವಿಯಲ್ಲಿ ಪಳಗಿದವರು ಒಳ್ಳೆಯ ಟಿವಿಗೆ ಬಂದಾಗ ತಬ್ಬಿಬ್ಬಾದರೆ ಆಶ್ಚರ್ಯವಿಲ್ಲ.

ಹೀಗಾಗಿ ಆಟಗಳಲ್ಲಿ ‘ಕ್ಯಾಲಿಬ್ರೇಶನ್’ ಇರುತ್ತದೆ. ಬೆಳಕು ಮಿನುಗಿದಾಗ, ಟಿಕ್ ಅಂದಾಗ ಮೀಟಿ. ನೀವು ಎಷ್ಟು ಆಚೀಚೆ ಅಂತ ಅಳೆದು ಆಟ ಅಷ್ಟನ್ನು ಲೆಕ್ಕದಿಂದ ಕಳೆಯುತ್ತದೆ.

ಕಣ್ಣು ಕಿವಿ ಎರಡನ್ನೂ ಒಟ್ಟಿಗೆ ಬಳಸುವ ಈ ಪರೀಕ್ಷೆಯಲ್ಲಿ ಸೋತು ಕೆಲಸ ಕಳೆದುಕೊಂಡವನು ಒಬ್ಬನಿದ್ದಾನೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಸಹಾಯಕ ಡೇವಿಡ್ ಕಿನ್ನೆಬ್ರೂಕ್. ಅವನ ಕೆಲಸ, ದೂರದರ್ಶಕದೊಳಗಿನ ಸಣ್ಣ ತಂತಿಯನ್ನು ನಕ್ಷತ್ರ ದಾಟುವುದನ್ನು ನೋಡುತ್ತಾ, ಗಡಿಯಾರದ ಟಿಕ್ ಕೇಳುತ್ತಾ, ದಾಟಿದ ಗಳಿಗೆಯನ್ನು ಸೆಕೆಂಡಿನ ಹತ್ತನೇ ಭಾಗಕ್ಕೆ ಬರೆದಿಡುವುದು. ಗೆರೆ ದಾಟುವ ಚುಕ್ಕಿ, ಜತೆಗೆ ತಾಳ. ಪ್ಲಾಸ್ಟಿಕ್ ಗಿಟಾರ್ ಒಂದೇ ಕಡಿಮೆ! ಅವನ ಲೆಕ್ಕ ಯಜಮಾನ ನೆವಿಲ್ ಮ್ಯಾಸ್ಕೆಲಿನ್ ಲೆಕ್ಕಕ್ಕಿಂತ 0.8 ಸೆಕೆಂಡ್ ತಡವಾಗಿ ಬರುತ್ತಿತ್ತು. 1796ರಲ್ಲಿ ಅವನನ್ನು ತೆಗೆದುಹಾಕಿದರು. ಪಾಪ, ತಪ್ಪು ಅವನೊಬ್ಬನದಾಗಿರಲಿಲ್ಲ. ಮುಂದೆ ಜರ್ಮನಿಯ ಖಗೋಳಜ್ಞ ಬೆಸೆಲ್ ಈ ಕಥೆ ಓದಿ, ಹೆಸರಾಂತ ಖಗೋಳಜ್ಞರನ್ನೇ ತನ್ನೊಂದಿಗೆ ಹೋಲಿಸಿ ನೋಡಿದ. ಅವರ ನಡುವೆಯೂ ಅಂತರವಿತ್ತು, ಅವರಲ್ಲೊಬ್ಬನಾದ ಆರ್ಗೆಲಾಂಡರ್ ಜತೆ ಒಂದು ಸೆಕೆಂಡಿಗೂ ಹೆಚ್ಚು. ಒಬ್ಬೊಬ್ಬರಿಗೆ ಒಂದೊಂದು ಅಂತರ ಇರುತ್ತದೆ ಅನ್ನುವುದು ಆಗ ಖಚಿತವಾಯಿತು. ಅದನ್ನು ಅಳೆದು ತೆಗೆದುಹಾಕುವುದೇ ಖಗೋಳಜ್ಞರಿಗೆ ದೊಡ್ಡ ತಲೆನೋವಾಯಿತು.

2008ರ ‘ರಾಕ್ ಬ್ಯಾಂಡ್ 2’ ಗಿಟಾರಿನಲ್ಲಿ ಆ ತಲೆನೋವಿಗೆ ಮದ್ದಿತ್ತು. ಗಿಟಾರಿನೊಳಗೇ ಒಂದು ಬೆಳಕಿನ ಸೆನ್ಸರ್, ಒಂದು ಪುಟ್ಟ ಮೈಕ್. ಟಿವಿ ಮುಂದೆ ಹಿಡಿದರೆ ಸಾಕು, ಮನುಷ್ಯನ ಹಂಗಿಲ್ಲದೆ ಟಿವಿಯ ತಡ ಎಷ್ಟೆಂದು ಅದೇ ಅಳೆಯುತ್ತದೆ.

ಆದರೂ ಆಡುವವರಿಗೆ ಕೈಯಿಂದ ಮಾಡುವ ಕ್ಯಾಲಿಬ್ರೇಶನ್ನೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಉದಾಹರಣೆಗೆ ಟಿವಿ 60 ಮಿಲಿಸೆಕೆಂಡ್ ತಡ, ನೀವು ಸ್ವಭಾವದಿಂದ 30 ಮುಂಚೆ. ಕೈಯಿಂದ ಅಳೆದರೆ ಆಟಕ್ಕೆ ಸಿಗುವ ಅಂಕಿ 30. ಟಿವಿಯ ಮಟ್ಟಿಗೆ ಅದು ತಪ್ಪು ಅಂಕಿ, ನಿಮಗೆ ಮಾತ್ರ ಸರಿ. ಯಾಕೆಂದರೆ ಹಾಡು ಶುರುವಾದ ಮೇಲೂ ನೀವು ಅಷ್ಟೇ ಮುಂಚೆ ಮೀಟುತ್ತೀರಿ. ಖಗೋಳಜ್ಞರಿಗೆ ಬೇಕಿದ್ದದ್ದು ನಕ್ಷತ್ರದ ಸಮಯ. ಇಲ್ಲಿ ಬೇಕಿರುವುದು ನಿಮ್ಮ ಸಮಯ. ಅಣ್ಣ ಮಾಡಿಟ್ಟ ಸೆಟ್ಟಿಂಗ್‌ನಲ್ಲಿ ತಂಗಿ ಆಡಿ ಅಂಕ ಕಡಿಮೆ ಬಂದರೆ, ಅವಳು ಮೊದಲು ಮಾಡಬೇಕಾದದ್ದು ಸೆಟ್ಟಿಂಗ್ಸ್‌ಗೆ ಹೋಗಿ ತಾನೇ ಇನ್ನೊಮ್ಮೆ ಅಳೆಯುವುದು.