ಕ್ಯಾಮೆರಾದ ನೆತ್ತಿ ಮೇಲಿನ ಗೆರೆ

ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಚಿಕ್ಕಮಗಳೂರಿನ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಕ್ಯಾಮೆರಾ ಇದ್ದವರೆಲ್ಲ ಆಗ ಗಿಡಗಳ ಸಾಲಿನಲ್ಲೇ ಸಿಗುತ್ತಾರೆ. ಅವರಲ್ಲಿ ಹೊಸದಾಗಿ ಮ್ಯಾಕ್ರೋ ಲೆನ್ಸ್ (ಪುಟ್ಟ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ಕೊಂಡವರಿಗೆ ಒಂದು ಗೊಂದಲ ಬಂದೇ ಬರುತ್ತದೆ. ಲೆನ್ಸಿನ ಮೇಲೆ 0.3 ಮೀಟರ್ ಎಂದು ಬರೆದಿದೆ. 30 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಫೋಕಸ್ ಆಗುವುದಿಲ್ಲ ಎಂದರ್ಥ. ಆದರೆ ನೋಡಿದರೆ ಲೆನ್ಸಿನ ಮೂತಿಗೂ ಹೂವಿಗೂ ನಡುವೆ ಒಂದು ಗೇಣೂ ಇಲ್ಲ, ಚಿತ್ರ ಮಾತ್ರ ಚೆನ್ನಾಗಿಯೇ ಬರುತ್ತಿದೆ. ಹಾಗಾದರೆ ಕಂಪನಿಯವರು ಬರೆದದ್ದು ಸುಳ್ಳಾ?

ಸುಳ್ಳಲ್ಲ. ನಾವು ಟೇಪು ಹಿಡಿಯುವ ಜಾಗ ಬೇರೆ, ಅವರು ಹಿಡಿಯುವ ಜಾಗ ಬೇರೆ.

ಕ್ಯಾಮೆರಾವನ್ನು ಮೇಲಿನಿಂದ ನೋಡಿ. ಬಹಳಷ್ಟು ಡಿಎಸ್‌ಎಲ್‌ಆರ್ (ಲೆನ್ಸಿಗೂ ಸೆನ್ಸರಿಗೂ ನಡುವೆ ಕನ್ನಡಿ ಇರುವ) ಮತ್ತು ಮಿರರ್‌ಲೆಸ್ (ಆ ಕನ್ನಡಿ ಇಲ್ಲದ) ಕ್ಯಾಮೆರಾಗಳಲ್ಲಿ ಒಂದು ಪುಟ್ಟ ಸೊನ್ನೆ, ಅದನ್ನು ಸೀಳಿಕೊಂಡು ಹೋದ ಒಂದು ಗೆರೆ ಕಾಣುತ್ತದೆ. ಅದು ಬಟನ್ ಅಲ್ಲ, ಒತ್ತಿದರೆ ಏನೂ ಆಗುವುದಿಲ್ಲ. ಆ ಗೆರೆಯ ನೇರ ಕೆಳಗೆ, ಕ್ಯಾಮೆರಾದ ಹೊಟ್ಟೆಯೊಳಗೆ, ಸೆನ್ಸರಿನ ಮುಖವಿದೆ. ಲೆನ್ಸ್ ಹಿಡಿದು ತಂದ ಬೆಳಕು ಚಿತ್ರವಾಗಿ ಮೂಡುವುದು ಅಲ್ಲೇ. ಇದಕ್ಕೆ ಫೋಕಲ್ ಪ್ಲೇನ್ ಗುರುತು ಎನ್ನುತ್ತಾರೆ. ರೀಲು ಹಾಕುವ ಕಾಲದಲ್ಲೂ ಈ ಗುರುತು ಇತ್ತು, ಆಗ ಅದು ಫಿಲ್ಮ್ ಕೂರುವ ಜಾಗವನ್ನು ತೋರಿಸುತ್ತಿತ್ತು. ಫೋಕಸ್ ದೂರವನ್ನು ಅಳೆಯುವುದು ಈ ಗೆರೆಯಿಂದ.

ಈಗ ಲೆಕ್ಕ ಹಾಕೋಣ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಲೋಹದ ಬಳೆಯಿಂದ ಸೆನ್ಸರಿಗೆ 44 ಮಿಲಿಮೀಟರ್. ಅದಕ್ಕೆ ಹಾಕುವ 100 ಮಿಲಿಮೀಟರ್ (ಇದು ಫೋಕಲ್ ಲೆಂತ್, ಲೆನ್ಸಿನ ಉದ್ದವಲ್ಲ) ಮ್ಯಾಕ್ರೋ ಲೆನ್ಸೇ ಹೆಚ್ಚುಕಡಿಮೆ 12 ಸೆಂಟಿಮೀಟರ್ ಉದ್ದ. 30ರಲ್ಲಿ ಇವೆರಡನ್ನೂ ಕಳೆದರೆ ಹೂವಿನ ಮುಂದೆ ಉಳಿಯುವುದು ಸುಮಾರು 13 ಸೆಂಟಿಮೀಟರ್. ಅಡ್ಡ ಬೆಳಕು ತಡೆಯಲು ಮೂತಿಗೆ ಸಿಕ್ಕಿಸುವ ಹುಡ್ ಹಾಕಿದರೆ ಅದರಲ್ಲೂ ಒಂದು ಪಾಲು ಹೋಯಿತು. ಚಿಟ್ಟೆ ಹಾರಿಹೋಗುವುದು, ನಮ್ಮದೇ ನೆರಳು ಎಲೆಯ ಮೇಲೆ ಬೀಳುವುದು, ಎಲ್ಲ ಈ ಉಳಿದ ಜಾಗದ ಸಮಸ್ಯೆ. ಲೆನ್ಸ್ ಕೊಳ್ಳುವವರಿಗೆ ನಿಜವಾಗಿ ಬೇಕಾದ ಅಂಕಿ ಇದೇ. ಜಾಹೀರಾತುಗಳು ಅದನ್ನು ದೊಡ್ಡದಾಗಿ ಹೇಳುವುದೇ ಇಲ್ಲ.

ಲೆನ್ಸಿನ ಮೂತಿಯಿಂದಲೇ ಅಳೆದಿದ್ದರೆ ಸುಲಭವಾಗುತ್ತಿತ್ತು, ಅಲ್ವಾ? ತೊಂದರೆ ಏನೆಂದರೆ ಮೂತಿ ನಿಂತಲ್ಲಿ ನಿಲ್ಲುವುದಿಲ್ಲ. ಒಂದು ಲೆನ್ಸ್ ಗಿಡ್ಡ, ಇನ್ನೊಂದು ಉದ್ದ. ಕೆಲವು ಲೆನ್ಸುಗಳು ಫೋಕಸ್ ಮಾಡುವಾಗ ಮುಂದಕ್ಕೆ ಚಾಚಿಕೊಳ್ಳುತ್ತವೆ. ಸೆನ್ಸರ್ ಮಾತ್ರ ಕದಲುವುದಿಲ್ಲ. ಕೈ ನಡುಕ ತಡೆಯಲು ಸೆನ್ಸರನ್ನೇ ಅಲುಗಾಡಿಸುವ ಕ್ಯಾಮೆರಾಗಳಲ್ಲೂ ಅದು ಅಕ್ಕಪಕ್ಕ, ಮೇಲೆ ಕೆಳಗೆ ಸರಿಯುತ್ತದೆಯೇ ಹೊರತು ಹಿಂದೆ ಮುಂದೆ ಅಲ್ಲ. 1996ರ ಕಾಂಟ್ಯಾಕ್ಸ್ ಎಎಕ್ಸ್ ಎಂಬ ಫಿಲ್ಮ್ ಕ್ಯಾಮೆರಾ ಮಾತ್ರ ವಿಚಿತ್ರ. ಆಟೋಫೋಕಸ್ ಮಾಡಲು ಅದು ಫಿಲ್ಮನ್ನೇ ಹಿಂದೆ ಮುಂದೆ ಸರಿಸುತ್ತಿತ್ತು!

ಇಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. 50 ಮಿಲಿಮೀಟರ್ ಲೆನ್ಸಿನಲ್ಲಿ ದೂರದ ಮುಳ್ಳಯ್ಯನಗಿರಿಗೆ ಫೋಕಸ್ ಮಾಡಿದ್ದೀರಿ ಎನ್ನಿ. ಆಮೇಲೆ ಹತ್ತು ಮೀಟರ್ ಆಚೆಯ ಸಿಲ್ವರ್ ಓಕ್ ಮರಕ್ಕೆ ಫೋಕಸ್ ತಂದರೆ, ಲೆನ್ಸಿನ ಗಾಜು ಮುಂದಕ್ಕೆ ಬರಬೇಕಾದದ್ದು ಕಾಲು ಮಿಲಿಮೀಟರ್ ಅಷ್ಟೇ. ಅದಕ್ಕೇ ಬಳೆಯಿಂದ ಸೆನ್ಸರಿನವರೆಗಿನ ದೂರವನ್ನು ಪ್ರತಿ ಮೌಂಟಿಗೂ (ಲೆನ್ಸ್ ಕೂರುವ ಬಳೆಯ ಮಾದರಿಗೂ) ಪಕ್ಕಾ ಗೊತ್ತು ಮಾಡಿರುತ್ತಾರೆ. ನಿಕಾನ್‌ನ ಹಳೆಯ ಎಫ್ ಮೌಂಟಿಗೆ 46.5 ಮಿಲಿಮೀಟರ್, ಹೊಸ ಜೆಡ್ ಮೌಂಟಿಗೆ 16. ನಡುವೆ ಇದ್ದ ಕನ್ನಡಿ ಹೋದ ಮೇಲೆ ಅಷ್ಟು ಜಾಗ ಬೇಕಾಗಲಿಲ್ಲ. ಕ್ಯಾನನ್‌ನಲ್ಲೂ 44 ಇದ್ದದ್ದು 20ಕ್ಕೆ ಇಳಿಯಿತು. ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಹಾಕಲು ಕೊಡುವ ಅಡಾಪ್ಟರ್ ಅದಕ್ಕೇ ಸರಿಯಾಗಿ 24 ಮಿಲಿಮೀಟರ್ ದಪ್ಪ. ಒಳಗೆ ಗಾಜೇ ಇಲ್ಲ, ಬರೀ ಟೊಳ್ಳು ಬಳೆ. ಗೆರೆಯಿಂದ ಲೆನ್ಸ್ ಮೊದಲಿದ್ದಷ್ಟೇ ದೂರದಲ್ಲಿ ನಿಂತಿತಲ್ಲ, ಸಾಕು.

ಸಿನಿಮಾ ಸೆಟ್ಟಿನಲ್ಲಿ ಫೋಕಸ್ ನೋಡಿಕೊಳ್ಳುವವರು ನಟರ ಮುಖದಿಂದ ಈ ಗೆರೆಯವರೆಗೆ ಟೇಪು ಹಿಡಿಯುತ್ತಾರೆ. ನಮ್ಮಂಥವರಿಗೆ ಇದು ಕೆಲಸಕ್ಕೆ ಬರುವುದು ಹುಳ-ಹೂವಿನ ಚಿತ್ರದಲ್ಲಿ. ಸೆನ್ಸರಿನ ಮೇಲೆ ನಿಜ ಗಾತ್ರದಲ್ಲೇ ಮೂಡುವಂತೆ ಸೆರೆಹಿಡಿಯುವಾಗ, ಬೆಳಕಿನ ಕಿಂಡಿಯನ್ನು ಎಫ್8ಕ್ಕೆ ಕಿರಿದು ಮಾಡಿ ಇಟ್ಟರೂ ಸ್ಪಷ್ಟವಾಗಿ ಸಿಗುವುದು ಸುಮಾರು ಒಂದು ಮಿಲಿಮೀಟರ್ ಆಳ. ಫೋಕಸ್ ರಿಂಗನ್ನು ಅತಿ ಹತ್ತಿರಕ್ಕೆ ತಿರುಗಿಸಿಟ್ಟು, ಗೆರೆಯಿಂದ ಹೂವಿಗೆ 30 ಸೆಂಟಿಮೀಟರ್ ಅಳೆದು ಟ್ರೈಪಾಡ್ ಇಟ್ಟರೆ ಸುಮ್ನೆ ತಡಕಾಡುವುದು ತಪ್ಪುತ್ತದೆ. ಹಾಸನದ ಕಡೆ ಶಾಸನದ ಕಲ್ಲುಗಳ ಚಿತ್ರ ತೆಗೆಯುವವರಿಗೆ ಇನ್ನೊಂದು ಉಪಯೋಗವಿದೆ. ಗೆರೆ ಕಲ್ಲಿನ ಮುಖಕ್ಕೆ ಸಮಾನಾಂತರವಾಗಿದ್ದರೆ ಎಡತುದಿಯ ಅಕ್ಷರವೂ ಬಲತುದಿಯ ಅಕ್ಷರವೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತವೆ.

ಒಂದು ಕೆಲಸಕ್ಕೆ ಮಾತ್ರ ಈ ಗೆರೆಯನ್ನು ನಂಬಬೇಡಿ. ಹಳೇಬೀಡಿನ ದೇವಸ್ಥಾನದ ಒಳಗೆ ಕಂಬಗಳ ಸಾಲಿನ ನಡುವೆ ನಿಂತು ಪನೋರಮಾ ತೆಗೆಯುವಾಗ ಕ್ಯಾಮೆರಾವನ್ನು ಗೆರೆಯ ಸುತ್ತ ತಿರುಗಿಸಿದರೆ ಹತ್ತಿರದ ಕಂಬ ದೂರದ ಕಂಬದ ಮುಂದೆ ಜರುಗುತ್ತದೆ, ಚಿತ್ರಗಳು ಕೂಡುವುದಿಲ್ಲ. ಅಲ್ಲಿ ತಿರುಗುವ ಬಿಂದು ಲೆನ್ಸಿನ ಕಡೆಗಿರಬೇಕು. ಮುಂದಿನಿಂದ ನೋಡಿದಾಗ ಬೆಳಕಿನ ಕಿಂಡಿ ಎಲ್ಲಿ ಇರುವಂತೆ ಕಾಣುತ್ತದೋ ಅದೇ ಆ ಜಾಗ. ಒಂದು ಕಂಬದ ಹಿಂದೆ ಇನ್ನೊಂದನ್ನು ಸರಿಯಾಗಿ ಮರೆಮಾಡಿ, ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ. ಹಿಂದಿನ ಕಂಬ ಇಣುಕಿದರೆ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇನ್ನೊಂದಿಷ್ಟು ಸರಿಸಿ, ಮತ್ತೆ ತಿರುಗಿಸಿ ನೋಡಬೇಕು.