'ನೋ ಸಿಗ್ನಲ್' ಬಂದರೆ ಮಾನಿಟರ್ ಕೆಟ್ಟಿದೆ ಎಂದಲ್ಲ

"ಸಾರ್, ಹೊಸ ಮಾನಿಟರ್ ಹೋಗ್ಬಿಟ್ಟಿದೆ, ನೋ ಸಿಗ್ನಲ್ ಅಂತ ಬರ್ತಿದೆ." ಎರಡನೇ ಮಾನಿಟರ್ ಹಾಕಿಸಿಕೊಂಡ ಆಡಿಟರ್ ಕಚೇರಿ, ಡಿಟಿಪಿ ಅಂಗಡಿ, ಮನೆಯಿಂದ ಕೆಲಸ ಮಾಡುವವರಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಹೀಗೇ ಶುರುವಾಗುತ್ತವೆ. ಆದರೆ ಆ ಅಕ್ಷರಗಳನ್ನು ಪರದೆಯ ಮೇಲೆ ಬರೆಯುತ್ತಿರುವುದು ಮಾನಿಟರೇ. ಅದರ ಪ್ಯಾನೆಲ್, ಹಿಂಬದಿಯ ದೀಪ, ಒಳಗಿನ ಬೋರ್ಡು ಎಲ್ಲವೂ ಸರಿಯಿದ್ದರಷ್ಟೇ ಆ ಮಾತು ಮೂಡಲು ಸಾಧ್ಯ. ನನಗೆ ಏನೂ ಬಂದು ತಲುಪುತ್ತಿಲ್ಲ ಎಂದು ಅದು ತಿಳಿಸುತ್ತಿದೆ, ಅಷ್ಟೆ. ಇಂಥ ಕರೆಗೆ ಹೋದಾಗ ದೋಷ ನನಗೆ ಸಿಗುವುದು ಸಾಮಾನ್ಯವಾಗಿ ನಡುವಿನ ಹಾದಿಯಲ್ಲಿ: ಪೋರ್ಟ್ (ಕೇಬಲ್ ಚುಚ್ಚುವ ರಂಧ್ರ), ಅಡಾಪ್ಟರ್, ಕೇಬಲ್. ಇಲ್ಲವೇ ಇನ್ನೊಂದು ಪರದೆಯನ್ನು ನಡೆಸುವ ಶಕ್ತಿ ಆ ಕಂಪ್ಯೂಟರಿಗೇ ಇರುವುದಿಲ್ಲ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಮಾನಿಟರನ್ನು ಅಂಗಡಿಗೆ ವಾಪಸ್ ಹೊತ್ತುಕೊಂಡು ಹೋಗುವವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮೊದಲು ಮಾನಿಟರಿನ ಬಟನ್ ಒತ್ತಿ ಮೆನು ತೆರೆದು, ಇನ್‌ಪುಟ್ ಯಾವ ಪೋರ್ಟಿಗೆ ಇದೆ ನೋಡಿ: ಹೊಸ ಬಗೆಯ ಎಚ್‌ಡಿಎಂಐಯೋ, ಹಳೆಯ ವಿಜಿಎಯೋ. ಕೇಬಲ್ ಎಚ್‌ಡಿಎಂಐಗೆ ಚುಚ್ಚಿದ್ದು, ಮಾನಿಟರ್ ಮಾತ್ರ ವಿಜಿಎ ಕಡೆ ಕಾಯುತ್ತಾ ಕುಳಿತಿರುವುದು ತೀರಾ ಸಾಮಾನ್ಯ. 'ಆಟೊ' ಎಂದಿಟ್ಟರೂ ಕೆಲವು ಮಾನಿಟರುಗಳು ತಾವಾಗಿ ಹುಡುಕಿಕೊಳ್ಳುವುದಿಲ್ಲ, ಕೈಯಾರೆ ಆಯ್ಕೆ ಮಾಡಬೇಕು.

ಅದು ಸರಿಯಿದ್ದರೆ ಕಂಪ್ಯೂಟರಿನ ಬೆನ್ನ ಕಡೆ ಬನ್ನಿ. ಡೆಸ್ಕ್‌ಟಾಪಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಹಿಂಬದಿಯಲ್ಲಿ ವಿಡಿಯೊ ಪೋರ್ಟುಗಳು ಎರಡು ಕಡೆ ಇರುತ್ತವೆ. ಮೇಲೆ ಯುಎಸ್‌ಬಿ, ನೆಟ್‌ವರ್ಕ್ ಪೋರ್ಟುಗಳ ಪಕ್ಕದಲ್ಲಿರುವುದು ಮದರ್‌ಬೋರ್ಡಿನದು. ಕೆಳಗೆ ಅಡ್ಡಸಾಲಿನಲ್ಲಿರುವುದು ಕಾರ್ಡಿನದು. ಎರಡೂ ಮಾನಿಟರುಗಳನ್ನು ಕಾರ್ಡಿಗೇ ಚುಚ್ಚಬೇಕು. ಒಂದನ್ನು ಕಾರ್ಡಿಗೆ, ಇನ್ನೊಂದನ್ನು ಮದರ್‌ಬೋರ್ಡಿಗೆ ಕೊಟ್ಟರೆ ಅನೇಕ ಯಂತ್ರಗಳಲ್ಲಿ ಎರಡನೆಯದು ಕತ್ತಲಾಗಿಯೇ ಉಳಿಯುತ್ತದೆ, ಏಕೆಂದರೆ ಕಾರ್ಡ್ ಕಂಡ ತಕ್ಷಣ ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಮೊದಲು ನಡೆಯುವ ಮೂಲ ಪ್ರೋಗ್ರಾಂ) ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನು ಆರಿಸಿಬಿಡುತ್ತದೆ. ಬಯೋಸ್ ಒಳಗೆ ಹೋಗಿ ಅದನ್ನು ಮತ್ತೆ ಆನ್ ಮಾಡಬಹುದು. ಆದರೆ ಪ್ರೊಸೆಸರಿನ ಹೆಸರು 'ಎಫ್' ಅಕ್ಷರದಿಂದ ಮುಗಿಯುತ್ತಿದ್ದರೆ, ಉದಾಹರಣೆಗೆ ಇಂಟೆಲ್ ಕೋರ್ ಐ5-12400ಎಫ್, ಅದರೊಳಗೆ ಬಳಸಲು ಸಿಗುವ ಗ್ರಾಫಿಕ್ಸ್ ಇರುವುದಿಲ್ಲ. ಅಂಥ ಯಂತ್ರದಲ್ಲಿ ಮದರ್‌ಬೋರ್ಡಿನ ಎಚ್‌ಡಿಎಂಐ ರಂಧ್ರದಿಂದ ಏನು ಮಾಡಿದರೂ ಚಿತ್ರ ಬರದು.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಬೇಕು. ಲ್ಯಾಪ್‌ಟಾಪಿಗೆ ಒಂದೇ ಎಚ್‌ಡಿಎಂಐ ಇದೆ, ಎರಡು ಮಾನಿಟರ್ ಬೇಕು ಎಂದು ಅಂಗಡಿಯಲ್ಲಿ ಕೇಳಿದರೆ ಎಚ್‌ಡಿಎಂಐ ಸ್ಪ್ಲಿಟರ್ ಕೈಗೆ ಬರುವುದುಂಟು. ಒಂದು ಎಚ್‌ಡಿಎಂಐ ಒಂದೇ ಚಿತ್ರವನ್ನು ಹೊರುತ್ತದೆ. ಸ್ಪ್ಲಿಟರ್ ಆ ಒಂದೇ ಚಿತ್ರದ ಎರಡು ನಕಲು ಕೊಡುತ್ತದೆ, ಎರಡು ಬೇರೆ ಬೇರೆ ಚಿತ್ರಗಳನ್ನಲ್ಲ. ಮದುವೆ ಮಂಟಪದಲ್ಲಿ ಎರಡು ಟಿವಿಗೆ ಒಂದೇ ದೃಶ್ಯ ಕೊಡಲು ಅದು ಸರಿ. ಒಂದು ಕಡೆ ಟ್ಯಾಲಿ, ಇನ್ನೊಂದು ಕಡೆ ಜಿಎಸ್‌ಟಿ ಪೋರ್ಟಲ್ ತೆರೆದಿಟ್ಟುಕೊಳ್ಳಬೇಕು ಎನ್ನುವವರಿಗೆ ಅದರಿಂದ ಪ್ರಯೋಜನವಿಲ್ಲ.

ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ವಿಡಿಯೊ ಪೋರ್ಟ್ ಮಾತ್ರ ಬೇರೆ. ಅದರ 1.2 ಆವೃತ್ತಿಯಿಂದ, ಎಂದರೆ 2010ರಿಂದ, ಒಂದೇ ಕೇಬಲಿನಲ್ಲಿ ಹಲವು ಪ್ರತ್ಯೇಕ ಚಿತ್ರಗಳನ್ನು ಕಳಿಸುವ ಎಂಎಸ್‌ಟಿ ಎಂಬ ವ್ಯವಸ್ಥೆ ಇದೆ. ಹಿಂಬದಿಯಲ್ಲಿ ಡಿಸ್‌ಪ್ಲೇಪೋರ್ಟ್ 'ಔಟ್' ಇರುವ ಮಾನಿಟರ್ ಕೊಂಡರೆ ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಜೋಡಿಸಬಹುದು. ಮೊದಲ ಮಾನಿಟರಿನ ಮೆನುವಿನಲ್ಲಿ ಎಂಎಸ್‌ಟಿ ಆನ್ ಮಾಡಬೇಕು, ಸರಪಳಿಯ ಕೊನೆಯದರಲ್ಲಿ ಆಫ್ ಇಡಬೇಕು. ವಿಂಡೋಸ್ ಮತ್ತು ಲಿನಕ್ಸ್ ಇದನ್ನು ಒಪ್ಪುತ್ತವೆ. ಆಪಲ್‌ನ ಮ್ಯಾಕ್ ಒಪ್ಪುವುದಿಲ್ಲ. ಮ್ಯಾಕ್‌ಗೆ ಎಂಎಸ್‌ಟಿ ಹಬ್ (ಒಂದು ಪೋರ್ಟನ್ನು ಹಲವಾಗಿ ಒಡೆಯುವ ಪೆಟ್ಟಿಗೆ) ಹಾಕಿದರೆ ಎರಡೂ ಹೊರಪರದೆಗಳಲ್ಲಿ ಒಂದೇ ಚಿತ್ರ ಬರುತ್ತದೆ.

ಮ್ಯಾಕ್‌ಬುಕ್ ಏರ್ ಬಗ್ಗೆ ಪದೇ ಪದೇ ಕೇಳುತ್ತಾರಾದ್ದರಿಂದ ಹೇಳಿಬಿಡುತ್ತೇನೆ. ಎಂ1, ಎಂ2 ಚಿಪ್ ಇರುವ ಏರ್ ಹೊರಗಿನ ಒಂದೇ ಒಂದು ಮಾನಿಟರನ್ನು ನಡೆಸುತ್ತದೆ. 2024ರ ಎಂ3 ಏರ್ ಎರಡನ್ನು ನಡೆಸುತ್ತದೆ, ಆದರೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿರಬೇಕು. 2025ರ ಎಂ4 ಏರ್‌ನಲ್ಲಿ ಮುಚ್ಚಳ ತೆರೆದಿದ್ದರೂ ಎರಡು ನಡೆಯುತ್ತವೆ. ಹಳೆಯ ಏರ್‌ಗೇ ಎರಡು ಬೇಕೆಂದರೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಡಾಕ್ (ಲ್ಯಾಪ್‌ಟಾಪಿನ ಒಂದು ಪೋರ್ಟಿಗೆ ಚುಚ್ಚಿ ಹಲವು ಪೋರ್ಟು ಪಡೆಯುವ ಪೆಟ್ಟಿಗೆ) ಕೊಳ್ಳಬೇಕಾಗುತ್ತದೆ. ಅದು ಚಿತ್ರವನ್ನು ಸಾಫ್ಟ್‌ವೇರ್ ಮೂಲಕ ಕುಗ್ಗಿಸಿ ಯುಎಸ್‌ಬಿಯಲ್ಲಿ ಮಾಮೂಲಿ ಡೇಟಾದಂತೆ ಕಳಿಸುತ್ತದೆ. ಲೆಕ್ಕಪತ್ರ, ಮೇಲ್, ಬರವಣಿಗೆಗೆ ಸಾಕು. ವಿಡಿಯೊ ಎಡಿಟಿಂಗ್ ಮಾಡುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಕೇಬಲ್ ಚುಚ್ಚಿದೊಡನೆ ಚಿತ್ರ ಹರಿಯುವುದಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಮೊದಲು ಕಂಪ್ಯೂಟರ್ ಮಾನಿಟರನ್ನು ವಿಚಾರಿಸುತ್ತದೆ: ನೀನು ಯಾರು, ನಿನ್ನ ಅಳತೆ ಏನು, ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸಬಲ್ಲೆ? ಮಾನಿಟರಿನೊಳಗಿನ ಪುಟ್ಟ ಮೆಮರಿ ಚಿಪ್ಪಿನಲ್ಲಿ ಇದಕ್ಕೆಲ್ಲ ಉತ್ತರ ಇರುತ್ತದೆ. ಇಡಿಐಡಿ ಎಂದು ಅದರ ಹೆಸರು; ಮೂಲ ಭಾಗ ಬರೀ 128 ಬೈಟ್. ವಿಜಿಎ ಮತ್ತು ಎಚ್‌ಡಿಎಂಐ ಕೇಬಲಿನಲ್ಲಿ ಈ ವಿಚಾರಣೆಗೆಂದೇ ಬೇರೆ ತಂತಿಗಳಿವೆ. ಚಿತ್ರದ ತಂತಿ ಚೆನ್ನಾಗಿದ್ದು ವಿಚಾರಣೆಯ ತಂತಿ ಕಡಿದರೆ ಒಂದು ವಿಚಿತ್ರ ದೋಷ ಕಾಣುತ್ತದೆ. ಪರದೆ ಬರುತ್ತದೆ, ಆದರೆ ಅಕ್ಷರಗಳು ಊದಿಕೊಂಡು 1024×768ರಲ್ಲೇ ನಿಂತುಬಿಡುತ್ತದೆ. ಸೆಟ್ಟಿಂಗ್ಸಿನಲ್ಲಿ ಮಾನಿಟರಿನ ಮಾದರಿಯ ಹೆಸರಿನ ಬದಲು 'ಜೆನೆರಿಕ್' ಎಂದು ಕಾಣುತ್ತದೆ, 1920×1080 ಪಟ್ಟಿಯಲ್ಲೇ ಇರುವುದಿಲ್ಲ. ಡ್ರೈವರ್ ಎಷ್ಟು ಸಲ ಹಾಕಿದರೂ ಇದು ಹೋಗದು. ವಿಜಿಎ ಕೇಬಲಿನ ತುದಿಯಲ್ಲಿ ಪಿನ್ ಬಾಗಿದೆಯೇ ನೋಡಿ; ಅಗ್ಗದ ಸ್ಪ್ಲಿಟರ್, ಸ್ವಿಚ್, ಅಡಾಪ್ಟರ್ ಯಾವುದಾದರೂ ನಡುವೆ ಇದ್ದರೆ ತೆಗೆದು ನೇರವಾಗಿ ಚುಚ್ಚಿ ನೋಡಿ. ಕೆಲವೊಮ್ಮೆ ಮಾನಿಟರ್ ತಾನೇ ಉತ್ತರಿಸುವುದನ್ನು ನಿಲ್ಲಿಸುತ್ತದೆ. ಆಗ ಪವರ್ ಬಟನ್ ಒತ್ತಿದರೆ ಸಾಲದು, ಗೋಡೆಯ ಪ್ಲಗ್ಗನ್ನೇ ಕಿತ್ತು, ಒಂದೆರಡು ನಿಮಿಷ ಬಿಟ್ಟು ಹಾಕಬೇಕು.

ಅಡಾಪ್ಟರಿಗೆ ದಿಕ್ಕು ಇದೆ. ಕಂಪ್ಯೂಟರ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ ಇದ್ದರೆ ಸಾಧಾರಣ ಕೇಬಲ್ ನಡೆಯುತ್ತದೆ. ಅದನ್ನೇ ತಿರುಗಿಸಿ, ಕಂಪ್ಯೂಟರಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ ಚುಚ್ಚಿದರೆ ಏನೂ ಬರುವುದಿಲ್ಲ. ಆ ದಿಕ್ಕಿಗೆ ಒಳಗೆ ಚಿಪ್ ಇರುವ, ಸಾಮಾನ್ಯವಾಗಿ ಯುಎಸ್‌ಬಿಯಿಂದ ಕರೆಂಟ್ ಪಡೆಯುವ ಬೇರೆಯದೇ ಅಡಾಪ್ಟರ್ ಬೇಕು. ಹಳೆಯ ಮಾನಿಟರಿಗೆ ಎಚ್‌ಡಿಎಂಐಯಿಂದ ವಿಜಿಎ ಮಾಡುವ ಅಡಾಪ್ಟರಿನಲ್ಲೂ ಚಿಪ್ ಇದೆ. ಎಚ್‌ಡಿಎಂಐ ಕೊಡುವ ಅಲ್ಪ ಕರೆಂಟಿನಲ್ಲೇ ಅದು ಬದುಕಬೇಕು. ಚಿತ್ರ ಬಂದು ಬಂದು ಹೋಗುತ್ತಿದ್ದರೆ ಅಡಾಪ್ಟರಿನ ಬದಿಯಲ್ಲಿ ಮೈಕ್ರೊ ಯುಎಸ್‌ಬಿ ರಂಧ್ರ ಇದೆಯೇ ನೋಡಿ, ಇದ್ದರೆ ಅದಕ್ಕೊಂದು ಚಾರ್ಜರ್ ಕೊಡಿ.

4ಕೆ ಮಾನಿಟರ್ ಕೊಂಡವರ ದೂರು ಬೇರೆ: ಚಿತ್ರ ಬರುತ್ತದೆ, ಮೌಸ್ ಮಾತ್ರ ಎಳೆದೆಳೆದು ಹೋಗುತ್ತದೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ, ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಎಚ್‌ಡಿಎಂಐ 1.4 ಪೋರ್ಟ್ ಇರುವ ಹಳೆಯ ಲ್ಯಾಪ್‌ಟಾಪ್ ಅಷ್ಟನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. 60 ಸಲ ಬೇಕೆಂದರೆ 2013ರಲ್ಲಿ ಬಂದ 2.0 ಆವೃತ್ತಿ ಎರಡೂ ತುದಿಯಲ್ಲಿರಬೇಕು, ಕೇಬಲ್ ಸೆಕೆಂಡಿಗೆ 18 ಗಿಗಾಬಿಟ್ ತಡೆಯಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವಾಗ ಪ್ಯಾಕೆಟ್ಟಿನ ಮೇಲಿನ '4ಕೆ' ಅಕ್ಷರ ನಂಬಿ ಬರಬೇಡಿ, 30 ಹರ್ಟ್ಸ್, ಎಂದರೆ ಸೆಕೆಂಡಿಗೆ 30 ಸಲದ, ಕೇಬಲಿನ ಮೇಲೂ ಅದನ್ನು ಅಚ್ಚು ಹಾಕಿರುತ್ತಾರೆ. 'ಪ್ರೀಮಿಯಂ ಹೈ ಸ್ಪೀಡ್' ಎಂಬ ಸ್ಕ್ಯಾನ್ ಮಾಡುವ ಚೀಟಿ ಇದೆಯೇ ಕೇಳಿ. ಉದ್ದ ಎರಡು ಮೀಟರ್ ಸಾಕಾದರೆ ಐದು ಮೀಟರಿನದು ತರಬೇಡಿ.

ಯುಎಸ್‌ಬಿ-ಸಿ ವಿಷಯದಲ್ಲಿ ರಂಧ್ರದ ಆಕಾರ ನೋಡಿ ತೀರ್ಮಾನ ಮಾಡುವಂತಿಲ್ಲ. ಕೆಲವು ಚಾರ್ಜ್ ಮಾತ್ರ ಮಾಡುತ್ತವೆ, ಕೆಲವು ಡೇಟಾ ಮಾತ್ರ, ಕೆಲವು ಚಿತ್ರವನ್ನೂ ಕೊಡುತ್ತವೆ. ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟಿನ 'ಡಿ' ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ದರೆ ಚಿತ್ರ ಬರುತ್ತದೆ. ಗುರುತು ಇಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ವಿವರ ಓದಿಯೇ ಡಾಕ್ ಕೊಳ್ಳಿ. ಕೇಬಲಿಗೂ ಇದೇ ಮಾತು. ಫೋನಿನ ಜತೆ ಬಂದ ಸಿ-ಕೇಬಲ್ ಹೆಚ್ಚಾಗಿ ಚಾರ್ಜಿಂಗಿಗೆ ಮಾತ್ರ, ಅದರಲ್ಲಿ ಚಿತ್ರಕ್ಕೆ ಬೇಕಾದ ತಂತಿಗಳೇ ಇರುವುದಿಲ್ಲ.

ಇನ್ನು ನಮ್ಮ ಕರೆಂಟಿನ ವಿಚಾರ. ಸಿಪಿಯು ಮತ್ತು ಮೊದಲ ಮಾನಿಟರ್ ಯುಪಿಎಸ್ ಮೇಲೆ, ಆಮೇಲೆ ತಂದ ಎರಡನೆಯದು ಮಾತ್ರ ಗೋಡೆಯ ಪ್ಲಗ್ಗಿಗೆ. ಇದನ್ನು ಹಲವು ಕಚೇರಿಗಳಲ್ಲಿ ಕಂಡಿದ್ದೇನೆ. ಕರೆಂಟ್ ಹೋದಾಗ ಎರಡನೆಯದು ಆರುತ್ತದೆ, ವಿಂಡೋಸ್ ಅದು ಕಿತ್ತುಹೋಯಿತೆಂದು ತಿಳಿದು ಅಲ್ಲಿದ್ದ ಕಿಟಕಿಗಳನ್ನೆಲ್ಲ ಮೊದಲ ಪರದೆಗೆ ಎಳೆದು ಗುಡ್ಡೆ ಹಾಕುತ್ತದೆ. 24 ಇಂಚಿನ ಎಲ್‌ಇಡಿ ಮಾನಿಟರ್ ತಿನ್ನುವುದು ಸುಮಾರು 20ರಿಂದ 30 ವ್ಯಾಟ್. ಅದನ್ನೂ ಯುಪಿಎಸ್‌ಗೇ ಕೊಡಿ. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಕಿಟಕಿಗಳ ಜಾಗ ನೆನಪಿಟ್ಟುಕೊಳ್ಳುವ ಆಯ್ಕೆ ಇದೆ, ಟಿಕ್ ಮಾಡಿಡಿ.

ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದೆಯೇ? ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಹಿಂದೆ ಅರ್ಥಿಂಗ್ ಇದೆ ಎಂದಲ್ಲ. ಅರ್ಥಿಂಗ್ ಇಲ್ಲದ ಕಡೆ ಅಡಾಪ್ಟರುಗಳಿಂದ ಸೋರುವ ಸಣ್ಣ ಕರೆಂಟ್, ಎರಡು ಸಾಧನಗಳನ್ನು ಜೋಡಿಸುವ ಕ್ಷಣದಲ್ಲಿ ಎಚ್‌ಡಿಎಂಐ ಪಿನ್ನುಗಳ ಮೂಲಕವೇ ಹಾದುಹೋಗಬಹುದು, ಪೋರ್ಟ್ ಸುಟ್ಟುಹೋಗಬಹುದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಎಲ್ಲ ಸಾಧನಗಳನ್ನೂ ಒಂದೇ ಸ್ಪೈಕ್ ಬಸ್ಟರಿನಿಂದ ನಡೆಸಿ, ವಿಡಿಯೊ ಕೇಬಲನ್ನು ಸ್ವಿಚ್ ಆರಿಸಿಯೇ ಚುಚ್ಚಿ.

ಕುರ್ಚಿಯಿಂದ ಎದ್ದಾಗ ಮಾನಿಟರ್ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ ಎಂದು ಹೇಳಿದರೆ ಮನೆಯವರು ನಂಬುವುದಿಲ್ಲ. ಅದು ನಿಜ. ಗ್ಯಾಸ್ ಸಿಲಿಂಡರಿನ ಮೇಲೆ ನಿಂತ ಆಫೀಸ್ ಕುರ್ಚಿಯಲ್ಲಿ ಕೂತೆದ್ದಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಯನ್ನು ಪಕ್ಕದ ವಿಡಿಯೊ ಕೇಬಲ್ ಹಿಡಿದುಕೊಳ್ಳುತ್ತದೆ. ಡಿಸ್‌ಪ್ಲೇಲಿಂಕ್ ಕಂಪನಿ ತನ್ನ ಸಹಾಯ ಪುಟದಲ್ಲೇ ಇದನ್ನು ಬರೆದಿದೆ. ಎಸಿ ಕೋಣೆಯಲ್ಲಿ, ಒಣ ಹವೆಯಲ್ಲಿ ಇದು ಹೆಚ್ಚು. ಒಳ್ಳೆಯ ಶೀಲ್ಡ್ ಇರುವ, ಗಿಡ್ಡನೆಯ ಕೇಬಲ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಸಂಪರ್ಕ ಸರಿಯಾದ ಮೇಲೆ ವಿಂಡೋಸ್ ಕೆಲಸ ಕಡಿಮೆ. ವಿಂಡೋಸ್ ಕೀ ಜತೆ 'ಪಿ' ಒತ್ತಿ 'ಎಕ್ಸ್‌ಟೆಂಡ್' ಆರಿಸಿ. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರಿಗೆ 'ಡುಪ್ಲಿಕೇಟ್'. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ 1, 2 ಎಂದು ಬರೆದ ಚೌಕಗಳನ್ನು ಮೇಜಿನ ಮೇಲೆ ಮಾನಿಟರುಗಳು ಹೇಗಿವೆಯೋ ಹಾಗೇ ಎಳೆದು ಜೋಡಿಸಿ. ಮೌಸ್ ಎಡಕ್ಕೆ ತಳ್ಳಿದರೆ ಗೋಡೆಗೆ ಬಡಿದಂತೆ ನಿಲ್ಲುವುದಕ್ಕೆ ಈ ಜೋಡಣೆ ತಪ್ಪಿರುವುದೇ ಸಾಮಾನ್ಯ ಕಾರಣ.

ಡಿಟಿಪಿಯವರು ಸ್ಕೇಲಿಂಗ್, ಎಂದರೆ ಪರದೆಯ ಮೇಲೆ ಅಕ್ಷರಗಳನ್ನು ಎಷ್ಟು ದೊಡ್ಡದಾಗಿ ತೋರಿಸಬೇಕೆಂಬ ಅಳತೆಯ ಬಗ್ಗೆ ತಿಳಿದಿರಲೇಬೇಕು. ಲ್ಯಾಪ್‌ಟಾಪ್ ಪರದೆ 150 ಶೇಕಡಾ, ಹೊರಗಿನದು 100 ಶೇಕಡಾ ಇದ್ದಾಗ ಹಳೆಯ ಸಾಫ್ಟ್‌ವೇರುಗಳು ಒಂದರಲ್ಲಿ ಚೂಪಾಗಿ, ಇನ್ನೊಂದರಲ್ಲಿ ಮಸುಕಾಗಿ ಕಾಣುತ್ತವೆ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಚಿಕ್ಕವು. ಮಸುಕಾದರೆ ತಿದ್ದುವವರ ಕಣ್ಣು ತಪ್ಪಿ ಪುಟ ಅಚ್ಚಿಗೆ ಹೋಗುತ್ತದೆ. ಆ ಸಾಫ್ಟ್‌ವೇರಿನ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ಪುಟದಲ್ಲಿ ಹೈ ಡಿಪಿಐ ಸೆಟ್ಟಿಂಗ್ ತೆರೆದು 'ಸಿಸ್ಟಮ್ ಎನ್‌ಹಾನ್ಸ್ಡ್' ಆರಿಸಿ ನೋಡಿ. ಅದೂ ಆಗದಿದ್ದರೆ ಎರಡೂ ಪರದೆಗೆ ಒಂದೇ ಶೇಕಡಾ ಇಡಿ, ಪುಟ ತಿದ್ದುವ ಕೆಲಸವನ್ನು ದೊಡ್ಡ ಪರದೆಯಲ್ಲೇ ಮಾಡಿ.

ಎರಡನೇ ಮಾನಿಟರ್ ಕಿತ್ತ ಮೇಲೆ ಯಾವುದೋ ಕಿಟಕಿ ಕಾಣದಾದರೆ, ಕೆಳಪಟ್ಟಿಯಲ್ಲಿ ಅದರ ಮೇಲೆ ಕ್ಲಿಕ್ ಮಾಡಿ, ವಿಂಡೋಸ್ ಕೀ, ಶಿಫ್ಟ್, ಬಾಣದ ಕೀ ಮೂರನ್ನೂ ಒಟ್ಟಿಗೆ ಒತ್ತಿ. ಆಗಲೂ ಬರದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಆಮೇಲೆ 'ಎಂ', ಆಮೇಲೆ ಬಾಣದ ಕೀಗಳಿಂದ ಎಳೆದು ತನ್ನಿ. ಪರದೆ ಇದ್ದಕ್ಕಿದ್ದಂತೆ ಕಪ್ಪಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತದೆ, ತೆರೆದಿಟ್ಟ ಫೈಲುಗಳು ಹಾಗೇ ಇರುತ್ತವೆ.

ಇಷ್ಟೆಲ್ಲ ಮಾಡಿಯೂ 'ನೋ ಸಿಗ್ನಲ್' ಹೋಗದಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಮಾನಿಟರುಗಳ ಕೇಬಲುಗಳನ್ನು ಮಾನಿಟರ್ ತುದಿಯಲ್ಲಿ ಅದಲು ಬದಲು ಮಾಡಿ. ಕತ್ತಲೆ ಇನ್ನೊಂದು ಮಾನಿಟರಿಗೆ ಹೋದರೆ ದೋಷ ಕೇಬಲಿನಲ್ಲೋ ಪೋರ್ಟಿನಲ್ಲೋ ಇದೆ. ಅದೇ ಮಾನಿಟರಿನಲ್ಲಿ ಉಳಿದರೆ ಮಾತ್ರ ಮಾನಿಟರನ್ನು ಸಂಶಯಿಸಿ. ಸರ್ವಿಸಿನವರಿಗೆ ಕರೆ ಮಾಡುವ ಮೊದಲು ಫೋನಿನಲ್ಲಿ ಮೂರು ಫೋಟೊ ತೆಗೆದಿಟ್ಟುಕೊಳ್ಳಿ: ಕಂಪ್ಯೂಟರಿನ ಹಿಂಬದಿ, ಮಾನಿಟರಿನ ಹಿಂಬದಿ, ಕೇಬಲಿನ ಎರಡೂ ತುದಿ. ಆ ಮೂರು ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅರ್ಧದಷ್ಟು ಸಮಸ್ಯೆಗಳಿಗೆ ನಾವು ನಿಮ್ಮ ಮನೆಗೆ ಬರಬೇಕಾಗಿಯೇ ಇರುವುದಿಲ್ಲ.