ಮಜ್ಜಿಗೆ ಹುಳಿಗೆ ಕಡಲೆಬೇಳೆ ಯಾಕೆ ಬೇಕು?

ಮಜ್ಜಿಗೆ ಹುಳಿ ಒಡೆದರೆ ಅದಕ್ಕೆ ಯಾರ ಕಣ್ಣೂ ಕಾರಣ ಅಲ್ಲ. ಸೌಟನ್ನು ಒಂದೇ ದಿಕ್ಕಿಗೆ ತಿರುಗಿಸದೆ ಇದ್ದದ್ದೂ ಕಾರಣ ಅಲ್ಲ. ಮೊಸರು ಮುಟ್ಟಿದ ಹೆಂಗಸು ಆ ದಿನ ಮುಟ್ಟಾಗಿದ್ದಳು ಅನ್ನುವುದಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮೊಸರು, ಹೆಪ್ಪು, ಉಪ್ಪಿನಕಾಯಿಯ ಹೆಸರಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ತಮ್ಮದಲ್ಲದ ತಪ್ಪಿಗೆ ಮಾತು ಕೇಳಿದ್ದಾರೆ, ಈಗಲೂ ಕೇಳುತ್ತಿದ್ದಾರೆ. ಕಾರಣ ಪಾತ್ರೆಯೊಳಗೇ ಇದೆ. ಪರಿಹಾರವೂ ಅಲ್ಲೇ ಇದೆ. ನೆನೆಸಿ ರುಬ್ಬಿದ ಎರಡು ಚಮಚ ಕಡಲೆಬೇಳೆಯ ರೂಪದಲ್ಲಿ.

ಮೊದಲು ಹಾಲಿನಿಂದ ಶುರುಮಾಡೋಣ. ಹಸುವಿನ ಹಾಲಿನಲ್ಲಿ ಪ್ರೋಟೀನ್ ಇರುವುದು ನೂರಕ್ಕೆ 3ರಿಂದ 3.5 ಪಾಲು. ಅದರಲ್ಲಿ ಸುಮಾರು ಶೇಕಡ 80 ಕೇಸೀನ್. ಈ ಕೇಸೀನ್ ನೀರಿನಲ್ಲಿ ಸಕ್ಕರೆಯ ಹಾಗೆ ಕರಗಿರುವುದಿಲ್ಲ. ಸಾವಿರಾರು ಅಣುಗಳು ಒಟ್ಟು ಸೇರಿ ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತವೆ. ಒಂದೊಂದು ಉಂಡೆಯ ಅಗಲ ಸುಮಾರು 150 ನ್ಯಾನೋಮೀಟರ್. ಒಂದು ಮಿಲಿಮೀಟರ್ ಜಾಗದಲ್ಲಿ ಸಾಲಾಗಿ ಜೋಡಿಸಿದರೆ ಆರೂವರೆ ಸಾವಿರಕ್ಕೂ ಜಾಸ್ತಿ ಹಿಡಿಸುತ್ತವೆ. ಹಾಲು ಬೆಳ್ಳಗೆ ಕಾಣುವುದರಲ್ಲಿ ಇವುಗಳ ಪಾಲು ದೊಡ್ಡದು. ಬೆಳಕು ಇವುಗಳಿಗೆ ಬಡಿದು ನಾಲ್ಕೂ ಕಡೆ ಚದುರುತ್ತದೆ.

ಇಷ್ಟೊಂದು ಉಂಡೆಗಳು ಒಂದಕ್ಕೊಂದು ಯಾಕೆ ಅಂಟಿಕೊಳ್ಳುವುದಿಲ್ಲ? ಉಂಡೆಯ ಮೈಮೇಲೆ ಕಪ್ಪಾ ಕೇಸೀನ್ ಎಂಬ ಪ್ರೋಟೀನಿನ ಸಣ್ಣ ಎಳೆಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ಅವುಗಳ ಮೇಲೆ ಋಣ ವಿದ್ಯುತ್ ಇರುತ್ತದೆ. ಎರಡು ಉಂಡೆ ಹತ್ತಿರ ಬಂದರೆ ಈ ಎಳೆಗಳೇ ಒಂದನ್ನೊಂದು ದೂರ ತಳ್ಳುತ್ತವೆ. ಅದಕ್ಕೇ ಹಾಲು ಹಾಲಾಗಿ ಉಳಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ತಾಜಾ ಹಾಲು ಒಡೆಯುವುದಿಲ್ಲ, ಅಲ್ವಾ? ಆ ತಳ್ಳಾಟ ಬಿಸಿಗೆ ಬಗ್ಗುವುದಿಲ್ಲ. ಬಗ್ಗುವುದು ಹುಳಿಗೆ.

ಹೆಪ್ಪು ಹಾಕಿದ ಮೇಲೆ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಪಿಎಚ್ ಅಂದರೆ ಹುಳಿಯ ಅಳತೆ, ಹುಳಿ ಏರಿದಷ್ಟೂ ಅದು ಇಳಿಯುತ್ತದೆ. ಹಾಲಿನ ಪಿಎಚ್ 6.7ರ ಆಸುಪಾಸಿನಿಂದ ನಿಧಾನಕ್ಕೆ ಇಳಿಯುತ್ತದೆ. ಉಂಡೆಗಳನ್ನು ಒಳಗಿನಿಂದ ಹಿಡಿದಿಟ್ಟಿದ್ದ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ಹೊರಗೆ ಬರುತ್ತದೆ. ಮೈಮೇಲಿನ ಋಣ ವಿದ್ಯುತ್ ಕಡಿಮೆಯಾಗುತ್ತಾ ಹೋಗುತ್ತದೆ. ಪಿಎಚ್ 4.6 ಮುಟ್ಟುವ ಹೊತ್ತಿಗೆ ಅದು ಲೆಕ್ಕಕ್ಕೆ ಸೊನ್ನೆ. ಈಗ ತಳ್ಳುವವರು ಯಾರೂ ಇಲ್ಲ. ಉಂಡೆಗಳು ಕೈಕೈ ಹಿಡಿದು ಪಾತ್ರೆಯ ಉದ್ದಗಲಕ್ಕೂ ಒಂದು ಜಾಲ ಕಟ್ಟುತ್ತವೆ. ಆ ಜಾಲದ ಸಂದಿಗಳಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ನಾವು ಗಟ್ಟಿ ಮೊಸರು ಎಂದು ಮೆಚ್ಚುವುದು ನಿಜಕ್ಕೂ ಮುಕ್ಕಾಲಿಗಿಂತ ಜಾಸ್ತಿ ನೀರನ್ನೇ. ಆ ನೀರು ಹರಿಯದೆ ನಿಂತಿದೆ, ಅಷ್ಟೇ.

ಹೆಪ್ಪು ಹಾಕುವ ಮೊದಲು ಹಾಲನ್ನು ಕಾಯಿಸುವುದಕ್ಕೂ ಇಲ್ಲೇ ಒಂದು ಕಾರಣ ಇದೆ. ಕಾಯಿಸುವುದು ಕ್ರಿಮಿ ಸಾಯಲಿ ಅಂತ ಮಾತ್ರ ಅಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ ಸರಿ. ಹಾಲಿನ ತಿಳಿನೀರಿನಲ್ಲಿ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಇದೆ. 80 ಡಿಗ್ರಿ ದಾಟಿದ ಮೇಲೆ ಅದರ ಮಡಿಕೆಗಳು ಬೇಗ ಬೇಗ ಬಿಚ್ಚಿಕೊಂಡು ಕೇಸೀನ್ ಉಂಡೆಗಳ ಮೈಗೆ ಅಂಟುತ್ತವೆ. ಆಮೇಲೆ ಕಟ್ಟುವ ಜಾಲ ಹೆಚ್ಚು ಸಣ್ಣ ಕಣ್ಣಿನದು, ಹೆಚ್ಚು ಗಟ್ಟಿ. ಕಾಯಿಸದ ಹಾಲಿನ ಮೊಸರು ತೆಳ್ಳಗೆ ಬರುವುದು, ನೀರು ಬಿಡುವುದು ಇದಕ್ಕೇ. ಹಾಲು ಚೆನ್ನಾಗಿ ಕಾಯಲಿ ಎಂದು ಅಜ್ಜಿಯಂದಿರು ಒತ್ತಾಯಿಸುತ್ತಿದ್ದದ್ದು ಸುಮ್ನೆ ಅಲ್ಲ.

ಈ ಹುಳಿಯ ಗುಟ್ಟು ಬಿಡಿಸಲು ಯುರೋಪಿನವರಿಗೂ ತುಂಬ ಕಾಲ ಬೇಕಾಯಿತು. ಸ್ವೀಡನ್ನಿನ ಕಾರ್ಲ್ ಶೀಲೆ 1780ರಲ್ಲಿ ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನು ಬೇರ್ಪಡಿಸಿದ. ಆದರೆ ಅದನ್ನು ಮಾಡುವವರು ಯಾರು ಅನ್ನುವುದು ಗೊತ್ತಿರಲಿಲ್ಲ. ಹುಳಿಯುವುದು ಜೀವವಿಲ್ಲದ ರಾಸಾಯನಿಕ ಕೊಳೆತ ಎಂದು ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರೇ ವಾದಿಸುತ್ತಿದ್ದರು. 1857ರಲ್ಲಿ ಲೂಯಿ ಪಾಶ್ಚರ್ ಅದು ಜೀವಂತ ಸೂಕ್ಷ್ಮಜೀವಿಗಳ ಕೆಲಸ ಎಂದು ಹೇಳಿದ. 1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ಜಿನೀವಾದಲ್ಲಿ ಓದುತ್ತಿದ್ದಾಗ ತನ್ನ ನಾಡಿನ ಮೊಸರಿನಲ್ಲಿ ಉದ್ದ ಕಡ್ಡಿಯಂಥ ಬ್ಯಾಕ್ಟೀರಿಯಾವನ್ನು ಗುರುತಿಸಿದ. ಹುಳಿಯನ್ನು ಅಳೆಯುವ ಪಿಎಚ್ ಅಳತೆಯೂ ಅದೇ ಕಾಲದ್ದು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸನ್ 1909ರಲ್ಲಿ ಅದನ್ನು ರೂಪಿಸಿದ. ನಮ್ಮ ಅಡುಗೆಮನೆಗಳು ಇವರೆಲ್ಲರಿಗಿಂತ ಎಷ್ಟೋ ಮೊದಲೇ ನಿನ್ನೆಯ ಮೊಸರಿನ ಒಂದು ಚಮಚವನ್ನು ಇಂದಿನ ಹಾಲಿಗೆ ಹಾಕುತ್ತಿದ್ದವು. ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿರಲಿಲ್ಲ. ಮಾಡುವುದು ಗೊತ್ತಿತ್ತು.

ಈಗ ಆ ಮೊಸರನ್ನು ಒಲೆಯ ಮೇಲೆ ಇಡಿ. ಉಂಡೆಗಳು ಆಗಲೇ ಕೈ ಹಿಡಿದಿವೆ. ಬಿಸಿ ಏರಿದಂತೆ ಆ ಹಿಡಿತ ಬಿಗಿಯಾಗುತ್ತದೆ. ಒಂದು ಕಡೆ ಹಿಡಿದಿದ್ದವು ನಾಲ್ಕು ಕಡೆ ಹಿಡಿಯುತ್ತವೆ. ಜಾಲ ಕುಗ್ಗುತ್ತದೆ. ಒದ್ದೆ ಪಂಚೆಯನ್ನು ಹಿಂಡಿದ ಹಾಗೆ ಒಳಗಿನ ನೀರು ಹೊರಗೆ ಬರುತ್ತದೆ. ಪಾತ್ರೆಯಲ್ಲಿ ಹಳದಿ ತಿಳಿನೀರು ಬೇರೆ, ಬಿಳಿ ಕಾಳುಕಾಳು ಬೇರೆ. ಒಡೆಯುವುದು ಅಂದರೆ ಇಷ್ಟೇ. ಏನೂ ಕೆಟ್ಟಿಲ್ಲ. ವಿಷ ಹುಟ್ಟಿಲ್ಲ. ನೀರು ಮತ್ತು ಪ್ರೋಟೀನ್ ಬೇರೆಯಾಗಿವೆ.

ಕಡಲೆಬೇಳೆ ಕೆಲಸ ಮಾಡುವುದು ಇಲ್ಲಿ. ಬೇಳೆಯ ಹೆಚ್ಚುಕಡಿಮೆ ಅರ್ಧ ಭಾಗ ಪಿಷ್ಟ. ಅಕ್ಕಿಯಲ್ಲಿ ಮುಕ್ಕಾಲಿಗೂ ಜಾಸ್ತಿ. ಪಿಷ್ಟದ ಕಾಳುಗಳು 60ರಿಂದ 75 ಡಿಗ್ರಿಯ ಒಳಗೆ ನೀರು ಕುಡಿದು ಊದಿಕೊಳ್ಳುತ್ತವೆ. ಅವುಗಳ ಒಳಗಿನ ಉದ್ದ ಎಳೆಗಳು ಹೊರಗೆ ಬಂದು ಸಾರನ್ನು ಮಂದ ಮಾಡುತ್ತವೆ. ಈ ತಾಪಮಾನ ಬಹಳ ಮುಖ್ಯ. ಮೊಸರು ಜೋರಾಗಿ ಕುಗ್ಗಲು ಶುರುಮಾಡುವ ಮೊದಲೇ ಪಿಷ್ಟ ಊದಿ ಸಿದ್ಧವಾಗಿರುತ್ತದೆ. ಕೇಸೀನ್ ಉಂಡೆಗಳ ನಡುವೆ ಅಡ್ಡ ನಿಲ್ಲುತ್ತದೆ. ಅವು ಒಂದನ್ನೊಂದು ಹುಡುಕಿಕೊಂಡು ಹೋಗಬೇಕಾದ ದಾರಿಯೇ ಮಂದವಾಗಿರುತ್ತದೆ. ಹೊರಗೆ ಬರಬೇಕಾದ ನೀರನ್ನು ಪಿಷ್ಟವೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಹುಳಿ ಕುದಿದರೂ ನುಣ್ಣಗೆ ಉಳಿಯುತ್ತದೆ.

ಅದಕ್ಕೆ ಪಿಷ್ಟ ಮೊದಲು ಬರಬೇಕು, ಬಿಸಿ ಆಮೇಲೆ. ಕುದಿಯುತ್ತಿರುವ ಬೂದುಗುಂಬಳದ ಹೋಳುಗಳಿಗೆ ಫ್ರಿಜ್ಜಿನಿಂದ ತೆಗೆದ ಮೊಸರನ್ನು ನೇರವಾಗಿ ಸುರಿದು, ಒಡೆದ ಮೇಲೆ ಕಡಲೆಹಿಟ್ಟು ಕದಡಿ ಹಾಕಿದರೆ ಪ್ರಯೋಜನ ಇಲ್ಲ. ಜಾಲ ಆಗಲೇ ಕುಗ್ಗಿದೆ. ಅರ್ಧ ಲೀಟರ್ ಮೊಸರಿಗೆ ಎರಡು ಚಮಚ ನೆನೆಸಿದ ಕಡಲೆಬೇಳೆ, ಒಂದು ಚಮಚ ಅಕ್ಕಿ ಸಾಕು. ತೆಂಗಿನಕಾಯಿ, ಹಸಿಮೆಣಸು, ಜೀರಿಗೆ, ಶುಂಠಿಯ ಜೊತೆ ನುಣ್ಣಗೆ ರುಬ್ಬಿ ಕಡೆದ ಮೊಸರಿಗೆ ಬೆರೆಸಿ, ಆಮೇಲೆ ಬೆಂದ ಹೋಳುಗಳಿಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಏರಿಸಬೇಕು. ಕೈಯಾಡಿಸುತ್ತಾ ಇರಬೇಕು, ಯಾಕೆಂದರೆ ತಳದಲ್ಲಿ ಬಿಸಿ ಜಾಸ್ತಿ, ಮೇಲೆ ಕಡಿಮೆ. ತಿರುವಿದರೆ ಎಲ್ಲ ಕಡೆ ಸಮ ಆಗುತ್ತದೆ. ಯಾವ ದಿಕ್ಕಿಗಾದರೂ ತಿರುವಿ, ಪ್ರೋಟೀನಿಗೆ ದಿಕ್ಕು ಗೊತ್ತಾಗುವುದಿಲ್ಲ. ಕೆನೆ ಇರುವ ಎಮ್ಮೆ ಹಾಲಿನ ಮೊಸರು ಕೆನೆ ತೆಗೆದ ಹಾಲಿನ ಮೊಸರಿಗಿಂತ ಬಿಸಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಕೊಬ್ಬಿನ ಹನಿಗಳೂ ಉಂಡೆಗಳ ನಡುವೆ ಅಡ್ಡ ಬರುತ್ತವೆ. ಡಯಟ್ ಎಂದು ಕೊಬ್ಬಿಲ್ಲದ ಮೊಸರು ತಂದವರು ಪಿಷ್ಟವನ್ನು ಸ್ವಲ್ಪ ಜಾಸ್ತಿ ಹಾಕಬೇಕು.

ಒಡೆದೇ ಹೋಯಿತು ಅನ್ನಿ. ಚೆಲ್ಲಬೇಡಿ. ತಣಿಸಿ, ಹೋಳು ತೆಗೆದಿಟ್ಟು, ರಸವನ್ನು ಒಂದು ಚಮಚ ಅಕ್ಕಿಹಿಟ್ಟಿನ ಜೊತೆ ಮಿಕ್ಸಿಗೆ ಹಾಕಿ ಮತ್ತೆ ಬಿಸಿ ಮಾಡಿ. ಮೊದಲಿನಷ್ಟು ನುಣುಪು ಬರುವುದಿಲ್ಲ. ರುಚಿಗೆ ಮೋಸ ಇಲ್ಲ.

ಕರಾವಳಿಯವರು ಮೇಲಾರಕ್ಕೆ ಬೇಳೆ ಹಾಕುವುದಿಲ್ಲ, ಬರೀ ತೆಂಗಿನಕಾಯಿ. ಅದಕ್ಕೇ ಒಂದು ಕುದಿ ಬಂದ ತಕ್ಷಣ ಇಳಿಸುತ್ತಾರೆ. ಕೇರಳದ ಪುಳಿಶ್ಶೇರಿಯನ್ನಂತೂ ಕುದಿಯಲಿಕ್ಕೇ ಬಿಡುವುದಿಲ್ಲ, ನೊರೆ ಏಳುವಾಗಲೇ ಇಳಿಸುತ್ತಾರೆ. ಒಂದೆಲಗ, ದೊಡ್ಡಪತ್ರೆಯ ತಂಬುಳಿಗೆ ಮಜ್ಜಿಗೆ ಸೇರಿದ ಮೇಲೆ ಬೆಂಕಿಯೇ ಇಲ್ಲ. ಉತ್ತರದವರ ಕಢಿಗೆ ಕಡಲೆಹಿಟ್ಟು. ಟರ್ಕಿಯ ಯಾಯ್ಲಾ ಸೂಪಿಗೆ ಮೈದಾ ಮತ್ತು ಮೊಟ್ಟೆಯ ಹಳದಿ. ಊರೂರಿಗೆ ಪದಾರ್ಥ ಬೇರೆ. ಆದರೆ ಎಲ್ಲ ಕಡೆ ದಾರಿ ಎರಡೇ. ಒಂದೋ ಉಂಡೆಗಳ ನಡುವೆ ಏನಾದರೂ ಅಡ್ಡ ಇಡು, ಇಲ್ಲವೇ ಬಿಸಿಯನ್ನು ತಡೆ. ಒಬ್ಬರನ್ನೊಬ್ಬರು ಕೇಳದೆ ಇಷ್ಟು ಜನ ಇದೇ ಎರಡು ದಾರಿಗೆ ಬಂದು ಸೇರಿದ್ದಾರೆ ಅನ್ನುವುದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಖುಷಿ ಕೊಡುವ ಸಂಗತಿ.

ಬಿಸಿ ಮಾಡಿದ ಮೊಸರು ವಿಷ ಎಂಬ ಸಂದೇಶ ವಾಟ್ಸಾಪಿನಲ್ಲಿ ಆಗಾಗ ಸುತ್ತುತ್ತದೆ. ಮೊಸರನ್ನು ಬಿಸಿಯಾಗಿ ತಿನ್ನಬಾರದು, ರಾತ್ರಿ ತಿನ್ನಬಾರದು ಎಂದು ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಇರುವುದು ನಿಜ. ಆ ಕಾಲದ ತಿಳಿವಳಿಕೆಯಲ್ಲಿ ಅವರು ಹಾಗೆ ಬರೆದರು. ಆದರೆ ಬಿಸಿಯಾದ ಮೊಸರಿನಲ್ಲಿ ಹೊಸದಾಗಿ ಯಾವ ವಿಷವೂ ಹುಟ್ಟುವುದಿಲ್ಲ. ಪ್ರೋಟೀನ್ ಹಾಗೇ ಇರುತ್ತದೆ, ಕ್ಯಾಲ್ಸಿಯಂ ಹಾಗೇ ಇರುತ್ತದೆ. ಕಳೆದುಕೊಳ್ಳುವುದು ಜೀವಂತ ಬ್ಯಾಕ್ಟೀರಿಯಾಗಳನ್ನು. ಕುದಿಯುವ ಹೊತ್ತಿಗೆ ಅವು ಸತ್ತಿರುತ್ತವೆ. ಆ ಬ್ಯಾಕ್ಟೀರಿಯಾಗಳ ಬಗ್ಗೆಯೂ ಒಂದು ದೊಡ್ಡ ನಂಬಿಕೆ ಇತ್ತು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ 1908ರಲ್ಲಿ ನೊಬೆಲ್ ಪಡೆದವರು. ಬಲ್ಗೇರಿಯಾದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಹುಳಿ ಹಾಲೇ ಕಾರಣ ಎಂದು ಅವರು ನಂಬಿದ್ದರು, ಜಗತ್ತನ್ನೂ ನಂಬಿಸಿದರು. ಗ್ರಿಗೊರೊವ್ ಕಂಡ ಆ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ಬೇರೂರಿ ಉಳಿಯುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಜೀವಂತ ಬ್ಯಾಕ್ಟೀರಿಯಾ ಬೇಕು ಅನ್ನುವವರು ಕೊನೆಗೆ ಮೊಸರನ್ನ ಊಟ ಮಾಡಿದರೆ ಆಯಿತು. ಅದಕ್ಕಾಗಿ ಮಜ್ಜಿಗೆ ಹುಳಿ ಬಿಡಬೇಕಿಲ್ಲ.

ಮೊಸರಿನ ಹುಳಿ ಇನ್ನೊಂದು ಕೆಲಸಕ್ಕೂ ಬರುತ್ತದೆ: ಮೊಟ್ಟೆ ಇಲ್ಲದ ಕೇಕು, ಕಡಲೆಹಿಟ್ಟನ್ನು ಆವಿಯಲ್ಲಿ ಬೇಯಿಸುವ ಗುಜರಾತಿನ ಖಮಣ, ರವೆ ಇಡ್ಲಿ. ರವೆ ಇಡ್ಲಿ ಹುಟ್ಟಿದ್ದು ಎರಡನೇ ಮಹಾಯುದ್ಧದ ಅಕ್ಕಿ ಅಭಾವದಲ್ಲಿ, ತಮ್ಮಲ್ಲೇ ಎಂದು ಬೆಂಗಳೂರಿನ ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. ಇಲ್ಲಿ ಹಿಟ್ಟು ರಾತ್ರಿಯಿಡೀ ಹುದುಗುವುದಿಲ್ಲ. ಗಾಳಿ ಬರುವುದು ಮೊಸರು ಮತ್ತು ಅಡುಗೆ ಸೋಡಾ ಸೇರಿದಾಗ. ಸೋಡಾವನ್ನು ಬರೀ ಬಿಸಿ ಮಾಡಿದರೂ ಕಾರ್ಬನ್ ಡೈ ಆಕ್ಸೈಡ್ ಬರುತ್ತದೆ. ಆದರೆ ಬರಬೇಕಾದ್ದರಲ್ಲಿ ಅರ್ಧ ಮಾತ್ರ. ಉಳಿದದ್ದು ಸಾಬೂನಿನ ರುಚಿಯ ಕ್ಷಾರವಾಗಿ ಇಡ್ಲಿಯಲ್ಲೇ ಕೂರುತ್ತದೆ. ಆಮ್ಲ ಸಿಕ್ಕಿದರೆ ಪೂರ್ತಿ ಗಾಳಿ ಬರುತ್ತದೆ, ಸಾಬೂನಿನ ರುಚಿ ಉಳಿಯುವುದಿಲ್ಲ.

ಎಷ್ಟು ಸೋಡಾ ಅನ್ನುವುದನ್ನು ಲೆಕ್ಕ ಹಾಕಬಹುದು. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಸುಮಾರು ಶೇಕಡ 1 ಅಂದುಕೊಳ್ಳಿ. 200 ಗ್ರಾಂ ಮೊಸರಿನಲ್ಲಿ 2 ಗ್ರಾಂ ಆಮ್ಲ. ಅದನ್ನು ಸರಿದೂಗಿಸಲು ಬೇಕಾಗುವ ಸೋಡಾ 1.9 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಇಷ್ಟರಿಂದ ಹುಟ್ಟುವ ಗಾಳಿ ಮಾಮೂಲಿ ಬೆಚ್ಚಗಿನ ದಿನದಲ್ಲಿ ಅರ್ಧ ಲೀಟರಿನಷ್ಟು! ಒಂದು ಬಟ್ಟಲು ಮೊಸರಿಗೆ ಅರ್ಧ ಚಮಚ ಸೋಡಾ ಎಂಬ ಮನೆಮಾತಿನ ಅಳತೆಗೆ ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಇನ್ನೂ ಹಗುರಾಗಲಿ ಎಂದು ಒಂದು ಚಮಚ ಹಾಕಿದರೆ ಹೆಚ್ಚಿನ ಅರ್ಧ ಚಮಚಕ್ಕೆ ಜೊತೆಗಾರ ಆಮ್ಲ ಸಿಗುವುದಿಲ್ಲ.

ಅದು ಆದಾಗ ಖಮಣ ತಾನೇ ಹೇಳಿಬಿಡುತ್ತದೆ. ಹಳದಿ ಹಿಟ್ಟಿನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕಿಗಳು ಕಾಣುತ್ತವೆ. ಅರಿಸಿನದ ಬಣ್ಣ ಕ್ಷಾರದಲ್ಲಿ ಕೆಂಪಾಗುತ್ತದೆ. ಕುಂಕುಮ ಮಾಡಲು ಅರಿಸಿನಕ್ಕೆ ಸುಣ್ಣ ಬೆರೆಸುವುದೂ ಇದೇ ರಸಾಯನ. ಕೆಂಪು ಚುಕ್ಕಿ ಅಂದರೆ ಅಷ್ಟು ಜಾಗದಲ್ಲಿ ಸೋಡಾ ಗಂಟಾಗಿ ಉಳಿದು ಮೊಸರನ್ನು ಮುಟ್ಟಿಲ್ಲ ಎಂದರ್ಥ. ಇದನ್ನೂ ಕೆಲವರು ಅಪಶಕುನ ಅನ್ನುತ್ತಾರೆ. ಬೇಡ. ಮುಂದಿನ ಸಲ ಸೋಡಾವನ್ನು ಹಿಟ್ಟಿನ ಜೊತೆ ಜರಡಿ ಹಿಡಿಯಿರಿ. ಮೊಸರನ್ನು ಕೊನೆಗೆ ಬೆರೆಸಿ. ಬೆರೆಸಿದ ಮೇಲೆ ಫೋನ್ ಬಂದರೂ ಎತ್ತಬೇಡಿ, ಗಾಳಿ ಆ ಕ್ಷಣದಿಂದಲೇ ಹೋಗಲು ಶುರುವಾಗಿರುತ್ತದೆ. ಇಡ್ಲಿ ಪಾತ್ರೆಯಲ್ಲಿ ಆವಿ ಮೊದಲೇ ಬಂದಿರಲಿ, ಓವನ್ ಮೊದಲೇ ಕಾದಿರಲಿ.